ಹಿಂದಿನ ಸೀಟಿಲ್ಲದ ಗಾಡಿಯಲ್ಲಿ ಹೆಣ್ಣು ನೋಡಲು

ಮಾತಿನಲ್ಲಿ ಗೆಲ್ಲುವುದೂ ಎದುರಿನವರ ಮನಸ್ಸು ಬದಲಿಸುವುದೂ ಒಂದೇ ಎಂದು ಬಹಳ ದಿನ ನಂಬಿದ್ದೆ. ಗೋಕಾಕದ ನಮ್ಮ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಎಂದರೆ ನನ್ನನ್ನು ಕೇಳದೆಯೇ ನನ್ನ ಹೆಸರು ಬರೆದುಕೊಳ್ಳುತ್ತಾರೆ. ಪರ ಕೊಡಲಿ, ವಿರೋಧ ಕೊಡಲಿ, ಗಂಟೆ ಬಾರಿಸುವ ತನಕ ಮಾತಾಡುತ್ತೇನೆ. ಬಾರಿಸಿದ ಮೇಲೂ ಮಾತಾಡುತ್ತೇನೆ. ಪುರಾವೆ ಇಲ್ಲದೆ ಯಾವುದನ್ನೂ ಒಪ್ಪುವ ಕುಳ ನಾನಲ್ಲ. ಮುಂಜಾನೆ ಅಜ್ಜಿ ಹಣೆಗೆ ವಿಭೂತಿ ಹಚ್ಚಲು ಬಂದರೂ, ಇದರಿಂದ ಏನಾಗುತ್ತದೆ, ಮೊದಲು ಸಾಬೀತು ಮಾಡು ಎಂದು ಅಡ್ಡ ನಿಲ್ಲುತ್ತೇನೆ. ಅಜ್ಜಿ ಉತ್ತರ ಕೊಡುವುದಿಲ್ಲ, ಹಚ್ಚಿ ಹೋಗುತ್ತಾಳೆ. ಇಂಥ ಎದುರಾಳಿಯನ್ನು ಹೇಗೆ ಎದುರಿಸಬೇಕೆಂದು ನಮ್ಮ ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿಲ್ಲ.

ಮನೆಯಲ್ಲಿ ನನ್ನ ಇನ್ನೊಬ್ಬ ಎದುರಾಳಿ ಮಲ್ಲಣ್ಣ, ದೊಡ್ಡಪ್ಪನ ಮಗ. ಮೂಡಲಗಿಯಲ್ಲಿ ಎಲ್ಲರೂ ಒಂದೇ ಮನೆಯಲ್ಲಿದ್ದೇವೆ. ಹೊಲ ನೋಡಿಕೊಳ್ಳುವವನು ಅವನೇ. ಅವನ ಮೋಟರ್ ಸೈಕಲ್ಲು ಗೋಕಾಕದ ಒಂದು ಗ್ಯಾರೇಜಿನೊಳಗೆ ಹೋಗುವಾಗ ಮರ್ಯಾದಸ್ಥ ಮನೆಯ ಗಾಡಿಯಾಗಿತ್ತು. ಹೊರಗೆ ಬರುವಾಗ ಅದರ ಗುರುತು ಸಿಗಲಿಲ್ಲ. ಎಂಜಿನ್ನಿನ ಸಿಲಿಂಡರ್ ಕೊರೆಸಿ ದೊಡ್ಡ ಪಿಸ್ಟನ್ ಕೂಡಿಸಿದ್ದ. ಸೈಲೆನ್ಸರ್ ಕಿತ್ತು ಆ ಜಾಗದಲ್ಲಿ ಮೋಟು ಕೊಳವೆಯೊಂದನ್ನು ಹಾಕಿಸಿದ್ದ. ಭಾರ ಇಳಿಯಲಿ ಎಂದು ಕನ್ನಡಿ, ಸೀರೆ ಗಾರ್ಡ್, ಹಿಂದೆ ಕೂತವರು ಹಿಡಿದುಕೊಳ್ಳುವ ಹಿಡಿಕೆ, ಅವರು ಕಾಲಿಡುವ ಫುಟ್‌ರೆಸ್ಟ್ ಎಲ್ಲವನ್ನೂ ಬಿಚ್ಚಿಸಿ ಚೀಲದಲ್ಲಿ ತುಂಬಿ ಅಟ್ಟಕ್ಕೆ ಏರಿಸಿದ್ದ. ಉದ್ದ ಸೀಟು ಹೋಗಿ ಒಬ್ಬನಷ್ಟೇ ಕೂರುವ ಗಿಡ್ಡ ಸೀಟು ಬಂದಿತ್ತು, ಅದರ ಬೆನ್ನಿಗೆ ಅಂಗೈಯಗಲದ ತಗಡು. ಬ್ರೇಕು ಮಾತ್ರ ಹಳೆಯದೇ. ನಾನು ಬಿಡುತ್ತೇನೆಯೇ? ಎಂಜಿನ್ ಬೆಳೆದದ್ದು ಬ್ರೇಕಿಗೆ ಗೊತ್ತೇ ಎಂದು ಕೇಳಿದೆ. ಕಿವಿಗಡಚಿಕ್ಕುವ ಕೊಳವೆ ಹಾಕಿಕೊಂಡವನಿಗೆ ಹಿಂದಿನವರ ಹಾರನ್ ಕೇಳುವುದು ಹೇಗೆ, ಕನ್ನಡಿಯನ್ನೂ ಕಿತ್ತವನಿಗೆ ಹಿಂದೆ ಒಂದು ಜಗತ್ತಿದೆ ಎಂದು ತಿಳಿಯುವುದು ಹೇಗೆ ಎಂದು ಕೇಳಿದೆ. ಕೊನೆಗೆ, "ಭಾರ ಇಳಸೂದ ಇದ್ರ ರಾತ್ರಿ ಎರಡ ರೊಟ್ಟಿ ಕಡಿಮಿ ತಿನ್ನೋ ಅಣ್ಣಾ" ಎಂದೆ. ಮಲ್ಲಣ್ಣ ಎಕ್ಸಲರೇಟರ್ ತಿರುವಿದ. ನನ್ನ ಮುಂದಿನ ವಾದ ನನಗೇ ಕೇಳಿಸಲಿಲ್ಲ.

ಅಷ್ಟರಲ್ಲಿ ಯಮಕನಮರಡಿಯಿಂದ ಅವನಿಗೊಂದು ಸಂಬಂಧ ಬಂತು. ಹುಡುಗಿ ಸವಿತಾ, ಹೈವೇ ಪಕ್ಕದ ಆಸ್ಪತ್ರೆಯಲ್ಲಿ ನರ್ಸ್. ಫೋಟೋ ನೋಡಿದ ದಿನದಿಂದ ಮಲ್ಲಣ್ಣ ಊಟದ ತಾಟಿನ ಮುಂದೆ ಕೂತು ಗೋಡೆ ನೋಡತೊಡಗಿದ್ದ. ಈ ಸಂಬಂಧ ಕೂಡದಿದ್ದರೆ ತಾನು ಮಠ ಸೇರುವುದಾಗಿ ನನ್ನೊಬ್ಬನಿಗೆ ಗುಟ್ಟಾಗಿ ಹೇಳಿದ್ದ. ಹೆಣ್ಣು ನೋಡಲು ಹಿರಿಯರೆಲ್ಲ ಜೀಪಿನಲ್ಲಿ ಹೊರಟರು. ಮಲ್ಲಣ್ಣ ಮಾತ್ರ ತನ್ನ ಗಾಡಿಯಲ್ಲೇ ಬರುವೆನೆಂದು ಹಟ ಹಿಡಿದ. ಓಣಿಯ ತಿರುವಿನಲ್ಲೇ ಹುಡುಗಿಗೆ ಸದ್ದು ಕೇಳಬೇಕು, ಯಾರು ಬಂದರೆಂದು ತಿಳಿಯಬೇಕು ಎಂಬುದು ಅವನ ಲೆಕ್ಕ. ಆ ತಗಡಿನ ಮೇಲೆ ಕೂರಲು ನಾನೇಕೆ ಒಪ್ಪಿದೆ ಎಂದು ನೀವು ಕೇಳಬಹುದು. ನಿಜ ಹೇಳಲೇ? ಆಸೆ. ವಾದ ಬೇರೆ, ಆಸೆ ಬೇರೆ. ಶುಭಕಾರ್ಯವೆಂದು ಅಜ್ಜಿ ಅಂದು ಇಬ್ಬರಿಗೂ ದಪ್ಪಗೆ ವಿಭೂತಿ ಎಳೆದಿದ್ದಳು. ಗೂಟದಲ್ಲಿದ್ದ ಹೆಲ್ಮೆಟ್ಟಿಗೆ ಕೈ ಹಾಕಿದವನು ಕನ್ನಡಿಯಲ್ಲಿ ನನ್ನ ಕ್ರಾಪು ನೋಡಿಕೊಂಡೆ. ತಕ್ಷಣ ವಿಭೂತಿ ಅಳಿಸೀತು ಎಂಬ ಚಿಂತೆ ಹುಟ್ಟಿತು. ಇಷ್ಟು ವರ್ಷ ಪುರಾವೆ ಕೇಳಿದ ವಿಭೂತಿಯ ಮೇಲೆ ಅಂದು ನನಗೆ ಎಲ್ಲಿಲ್ಲದ ಭಕ್ತಿ. ಹೆಲ್ಮೆಟ್ ಗೂಟದಲ್ಲೇ ಉಳಿಯಿತು.

ಗೋಕಾಕದಲ್ಲಿ ಬೀಗರ ಮನೆಗೆಂದು ಕರದಂಟಿನ ಡಬ್ಬಿ ಕಟ್ಟಿಸಿಕೊಂಡು ಹೊರಟೆವು. ಆಹಾ, ಆ ಓಟ! ಊರು ದಾಟಿದ್ದೇ ತಡ, ಗಾಡಿ ಹಗ್ಗ ಹರಿದ ಹೋರಿಯಂತೆ ನೆಗೆಯಿತು. ಗಿಡಗಳು ಹಿಂದಕ್ಕೆ ಓಡಿದವು, ಅಂಗಿಯೊಳಗೆ ಗಾಳಿ ತುಂಬಿ ನಾನು ದೊಡ್ಡಪ್ಪನಷ್ಟು ದಪ್ಪವಾದೆ, ಎದೆಯಲ್ಲಿ ಇನ್ನೊಂದು ಎಂಜಿನ್ ಶುರುವಾಯಿತು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಮಲ್ಲಣ್ಣನ ಬೆಲ್ಟು. ಕಾಲುಗಳು ನೆಲೆಯಿಲ್ಲದೆ ಜೋಲಾಡುತ್ತಿದ್ದವು. ಚರ್ಚಾಸ್ಪರ್ಧೆಯಲ್ಲಿ ವೇಗದ ವಿರುದ್ಧ ಮಾತಾಡಿ ಬೆಳ್ಳಿ ಕಪ್ಪು ಗೆದ್ದ ನಾನು ಇನ್ನೂ ಜೋರು, ಇನ್ನೂ ಜೋರು ಎಂದು ಅರಚುತ್ತಿದ್ದೆ. ಪುಣ್ಯಕ್ಕೆ ಆ ಸದ್ದಿನಲ್ಲಿ ಅವನಿಗೆ ಕೇಳಲಿಲ್ಲ.

ಕೇಳದೆ ಹೋದದ್ದು ಅದೊಂದೇ ಅಲ್ಲ. ಅಂಕಲಗಿ ದಾಟಿದ ಮೇಲೆ ಎರಡು ಟ್ರಾಲಿ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್ ಮುಂದೆ ತೆವಳುತ್ತಿತ್ತು. ಅದರ ಹಿಂದೆ ಸ್ವಲ್ಪ ಹೊತ್ತು ಸಿಕ್ಕಿಕೊಂಡು, ಕೊನೆಗೆ ದಾಟಲೆಂದು ಮಲ್ಲಣ್ಣ ಬಲಕ್ಕೆ ಹೊರಳಿಸಿದ. ಬಲಗಡೆ ಆಗಲೇ ಹಿಂದಿನಿಂದ ಬಂದ ಒಂದು ಜೀಪು ನಮ್ಮನ್ನು ದಾಟುತ್ತಿತ್ತು, ಬಹಳ ಹೊತ್ತಿನಿಂದ ಹಾರನ್ ಒದರುತ್ತಲೇ ಬಂದಿತ್ತಂತೆ. ನಮಗೆ ಅದು ಕೇಳಲೂ ಇಲ್ಲ, ಕಾಣಲೂ ಇಲ್ಲ. ಕಂಡಾಗ ಕಿಟಕಿಯಲ್ಲಿ ದೊಡ್ಡವ್ವನ ಮುಖ ಮೊಳದಷ್ಟು ದೂರದಲ್ಲಿತ್ತು. ಹೌದು, ನಮ್ಮದೇ ಜೀಪು. ಅದು ರಸ್ತೆ ಬಿಟ್ಟು ಜೋಳದ ಹೊಲಕ್ಕೆ ಇಳಿಯಿತು. ಮಲ್ಲಣ್ಣ ಬ್ರೇಕ್ ಒತ್ತಿದ. ಗಾಡಿ ಕೇಳಲಿಲ್ಲ, ಜಾರಿತು, ಓಲಾಡಿತು, ರಸ್ತೆಯಂಚಿನ ಮಣ್ಣಿನ ಗುಡ್ಡೆಗೆ ಮೂತಿ ಹೊಕ್ಕಿಸಿ ನಿಂತಿತು. ನಾನು ಹಾರಿ ಬಿದ್ದು ಜೋಳದ ನಡುವೆ ಕೂತಿದ್ದೆ. ತಲೆಯಿಂದ ಗೇಣು ದೂರದಲ್ಲಿ ಹೊಲದ ಗಡಿಕಲ್ಲು. ಪುರಾವೆಗೆಂದು ಗೇಣಿಟ್ಟು ಅಳೆದು ನೋಡಿದೆ. ಕರದಂಟಿನ ಡಬ್ಬಿ ಅತ್ತ ಬಿದ್ದು ಒಡೆದಿತ್ತು, ಕರದಂಟಿಗೆ ಏನೂ ಆಗಿರಲಿಲ್ಲ, ಗೋಕಾಕದ್ದು ನೋಡಿ. ದೊಡ್ಡಪ್ಪ ಜೋಳದಲ್ಲಿ ಬಿದ್ದ ರುಮಾಲು ಹುಡುಕಿ ಸುತ್ತಿಕೊಂಡರು. ಶುಭಕಾರ್ಯಕ್ಕೆ ಹೊರಟಾಗ ಯಾರೂ ಬಾಯಿ ತೆಗೆಯಬಾರದೆಂದು ಕಾಕಾ ಎಲ್ಲರನ್ನೂ ತಡೆದರು. ಬೈದಿದ್ದರೆ ಚೆನ್ನಾಗಿತ್ತು.

ಯಮಕನಮರಡಿಯಲ್ಲಿ ಉಪ್ಪಿಟ್ಟು ಬಂತು, ಚಹಾ ಬಂತು, ಸವಿತಾ ಬಂದಳು. ಹೆಸರು, ಸಾಲಿ, ನೌಕರಿ ಎಲ್ಲ ಕೇಳಿ ಮುಗಿಯಿತು. ಕೊನೆಗೆ ವಾಡಿಕೆಯಂತೆ ದೊಡ್ಡಪ್ಪ, ನೀನೂ ಏನಾದರೂ ಕೇಳುವುದಿದ್ದರೆ ಕೇಳವ್ವಾ ಅಂದರು. ಆ ಮಾತಿಗೆ ಹುಡುಗಿಯರು ತಲೆ ತಗ್ಗಿಸಿ ಇಲ್ಲ ಅನ್ನುವುದೂ ವಾಡಿಕೆ. ಸವಿತಾ ಕಿಟಕಿಯತ್ತ ನೋಡಿದಳು. ಅಂಗಳದಲ್ಲಿ ಮೂತಿಗೆ ಮಣ್ಣು ಮೆತ್ತಿಕೊಂಡು ಗಾಡಿ ನಿಂತಿತ್ತು.

"ಗಾಡಿ ನಿಮ್ಮದಾ ರೀ?"

ಮಲ್ಲಣ್ಣನ ಮುಖ ಅರಳಿತು. "ಹೌದ್ರಿ. ನಾನ ಮಾಡಿಸೇನ್ರಿ. ಅಂಜಬ್ಯಾಡ್ರಿ, ಭಾಳ ಚಲೋ ಓಡಸ್ತೀನಿ."

"ನಮ್ಮ ದವಾಖಾನಿಗಿ ಬರೋರು ಎಲ್ಲಾರೂ ಚಲೋ ಓಡಸೋರ ಇರತಾರ್ರಿ" ಎಂದಳು ಸವಿತಾ. ದನಿ ಏರಿಸಲಿಲ್ಲ. "ಅದಿರ್ಲಿ. ಸೀರಿ ಗಾರ್ಡ್ ಇಲ್ಲ, ಹಿಡಿಕಿ ಇಲ್ಲ, ಕಾಲ ಇಡಾಕ ಜಾಗಾ ಇಲ್ಲ. ಹೆಣ್ಣ ನೋಡಾಕ ಬಂದೀರಿ. ನನ್ನ ಎಲ್ಲಿ ಕುಂಡರಸ್ತೀರಿ?"

ದೊಡ್ಡವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ನಗುವಿಗೋ ಅಳುವಿಗೋ ತಿಳಿಯಲಿಲ್ಲ. ಮಲ್ಲಣ್ಣ ನನ್ನತ್ತ ನೋಡಿದ: ಏನಾದರೂ ಹೇಳೋ, ಬೆಳ್ಳಿ ಕಪ್ಪಿನವನೇ! ನಾನು ತಿಂಗಳುಗಟ್ಟಲೆ ಹರಡಿದ ವಾದವನ್ನೆಲ್ಲ ಇವಳು ಒಂದೇ ಪ್ರಶ್ನೆಗೆ ಇಳಿಸಿ ಮುಗಿಸಿದ್ದಳು. ಎದ್ದು ಚಪ್ಪಾಳೆ ತಟ್ಟಬೇಕೆನಿಸಿತು. ಅಷ್ಟರಲ್ಲಿ ಅವಳು ನನ್ನ ಕಡೆ ತಿರುಗಿ, ನೀವು ಅದರ ಮೇಲೆ ಕೂತು ಬಂದಿರಲ್ಲ, ಹೆಲ್ಮೆಟ್ ಎಲ್ಲಿ ಎಂದಳು. ಅಜ್ಜಿ ಹಚ್ಚಿದ ವಿಭೂತಿ ಅಳಿಸುತ್ತದೆಂದು ಹಾಕಲಿಲ್ಲ ಎಂದೆ, ಆದಷ್ಟು ಭಕ್ತಿಯಿಂದ. ಅವಳು ನನ್ನ ಹಣೆಯನ್ನೇ ದಿಟ್ಟಿಸಿದಳು.

"ಎಲ್ಲೈತ್ರಿ ವಿಭೂತಿ?"

ಮುಟ್ಟಿ ನೋಡಿಕೊಂಡೆ. ಬೆವರು, ಧೂಳು, ಒಂದು ಜೋಳದ ಎಲೆಯ ಚೂರು. ವಿಭೂತಿ ಯಾವ ಊರಿನ ಹತ್ತಿರ ಹಾರಿಹೋಗಿತ್ತೋ.

ಹೇಳಿ ಕಳಿಸುತ್ತೇವೆ ಎಂದರು ಅವಳ ತಂದೆ. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಮಲ್ಲಣ್ಣ ಮರುದಿನವೇ ಅಟ್ಟದ ಚೀಲ ಇಳಿಸಿಕೊಂಡು ಗ್ಯಾರೇಜಿಗೆ ಹೋದ. ಹಳೆಯ ಅಳತೆಯ ಸಿಲಿಂಡರು, ಪಿಸ್ಟನ್ನು, ಹಳೆಯ ಸೈಲೆನ್ಸರು, ಉದ್ದ ಸೀಟು ಎಲ್ಲ ಮರಳಿ ಬಂದವು. ಬ್ರೇಕು ಮಾತ್ರ ಹೊಸತು ಹಾಕಿಸಿದ. ಕೆಲವು ದಿನ ಬಿಟ್ಟು ಅವಳ ತಂದೆ ಮೂಡಲಗಿಗೆ ಬಂದರು. ಚಹಾ ಕುಡಿಯುವ ಮೊದಲು ಗಾಡಿಯ ಸುತ್ತ ಒಂದು ಸುತ್ತು ಹಾಕಿದರು, ಮಗಳು ಹೇಳಿ ಕಳಿಸಿದ್ದಳಂತೆ. ಬಗ್ಗಿ ಸೀರೆ ಗಾರ್ಡನ್ನು ಹಿಡಿದು ಅಲ್ಲಾಡಿಸಿ ನೋಡಿದರು. ಅಲ್ಲಾಡಲಿಲ್ಲ. ಆಗಲಿ ಎಂದರು. ಮಲ್ಲಣ್ಣ ಮಠ ಸೇರುವುದು ತಪ್ಪಿತು.

ನಾನೂ ಈಗ ಮಲ್ಲಣ್ಣನ ಗಾಡಿಯಲ್ಲಿ ಕಾಲೇಜಿಗೆ ಹೊರಡುವಾಗ ಹೆಲ್ಮೆಟ್ ಹಾಕುತ್ತೇನೆ. ಅದರಲ್ಲೊಂದು ಲಾಭವೂ ಕಂಡಿತು: ಮೊದಲೇ ಹೆಲ್ಮೆಟ್ ತೊಟ್ಟು ನಿಂತರೆ ಅಜ್ಜಿಗೆ ಹಣೆ ಸಿಗುವುದಿಲ್ಲ. ಮೊದಲ ದಿನ ಹಾಗೆಯೇ ನಿಂತು, ಈಗೇನು ಮಾಡುತ್ತೀ ಎಂದು ಗೆದ್ದವನ ಹಾಗೆ ಕೇಳಿದೆ. ಅಜ್ಜಿ ವಿಭೂತಿಯ ಗಟ್ಟಿ ಕೈಗೆತ್ತಿಕೊಂಡಳು. ಬೆರಳು ಒದ್ದೆ ಮಾಡಿಕೊಂಡು ಹೆಲ್ಮೆಟ್ಟಿನ ಹಣೆಗೇ ಮೂರು ಪಟ್ಟಿ ಎಳೆದು, ಇನ್ನು ಅಳಿಸುವುದಿಲ್ಲ ಹೋಗು ಎಂದು ಒಳಗೆ ನಡೆದಳು. ಚರ್ಚಾಕೂಟದ ಗೆಳೆಯರು ಈಗ ದಿನಾಲೂ ಅದಕ್ಕೆ ಪುರಾವೆ ಕೇಳುತ್ತಾರೆ. ಪರವಾಗಿಯೂ ವಿರೋಧವಾಗಿಯೂ ನನ್ನ ಬಳಿ ಸಾಕಷ್ಟು ವಾದವಿದೆ, ಕೊಡುತ್ತೇನೆ. ಕೊಟ್ಟು, ಗಾಡಿ ಹತ್ತುವಾಗ ಆ ಪಟ್ಟಿಗೆ ಬೆರಳು ತಾಗದ ಹಾಗೆ ಹೆಲ್ಮೆಟ್ಟನ್ನು ಅಂಚಿನಲ್ಲಿ ಹಿಡಿದು ತಲೆಗೆ ಇಳಿಸಿಕೊಳ್ಳುತ್ತೇನೆ.