ಮಸ್ಕಿಯಲ್ಲಿ ಮನೆ ಕಟ್ಟಿಸಿದ್ದು

"ಬಚ್ಚಲದ ಇಳಕಲು ನೋಡ್ಕೋರಿ. ನೀರು ಹೊರಗ ಹೋಗಬೇಕು, ಒಳಗ ಬರಬಾರದು."

ನಮ್ಮಾಕಿ ನನಗೆ ಹೇಳಿದ ಕಡೆಯ ಮಾತು ಇದು. ದವಾಖಾನೆ ಮಂಚದ ಮೇಲೆ ಮಲಗಿ ಹೇಳಿದಳು. ನಾನು ಹೂಂ ಅಂದೆ. ಚಹಾ ತರಲು ಕೆಳಗೆ ಹೋದೆ. ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಬೇರೆಯವರು ಹೋಗುವಾಗ ದೇವರ ಹೆಸರು ಹೇಳುತ್ತಾರಂತೆ. ಮಕ್ಕಳ ಹೆಸರು ಹೇಳುತ್ತಾರಂತೆ. ನಮ್ಮಾಕಿ ಬಚ್ಚಲು ಅಂದಳು. ಮನೆ ಕಟ್ಟಿಸಿದವರಿಗೆ ಇದು ವಿಚಿತ್ರ ಅನ್ನಿಸುವುದಿಲ್ಲ. ಕೆಲಸ ಶುರುವಾದ ಮೇಲೆ ದಿನಾ ಒಂದಿಲ್ಲೊಂದು ಆಗುತ್ತಲೇ ಇರುತ್ತದೆ. ಬಾಯಲ್ಲಿ ಬೇರೆ ಮಾತೇ ಬರುವುದಿಲ್ಲ.

ನಾನು ಹಟ್ಟಿಯಲ್ಲಿ ಗಣಿ ಕೆಲಸದವನು. ನೆಲದ ಒಳಗೆ ದುಡಿದೆ, ನೆಲದ ಮೇಲೆ ಕ್ವಾರ್ಟರ್ಸಿನಲ್ಲಿ ಇದ್ದೆ. ನಮ್ಮಾಕಿ ಅಷ್ಟು ವರ್ಷ ಅಲ್ಲಿ ಗೋಡೆಗೆ ಒಂದು ಮೊಳೆ ಹೊಡೆಯಲಿಲ್ಲ. "ನಮ್ಮದಲ್ಲದ ಗ್ವಾಡಿಗೆ ಯಾಕ ಹೊಡೀಲಿ? ನಮ್ಮ ಮನಿ ಆಗಲಿ, ಹೊಡೀತೀನಿ" ಅನ್ನುತ್ತಿದ್ದಳು. ರಿಟೈರ್ ಆಗುವ ಮುಂದೆ ಮಸ್ಕಿಯಲ್ಲಿ ಜಾಗ ಹಿಡಿದು ಕೆಲಸ ಹಚ್ಚಿದೆವು. ಸ್ಲ್ಯಾಬ್ ಹಾಕಿ ಮುಗಿಯಿತು. ಆಕಿ ಹೋದಳು.

ಒಬ್ಬಳೇ ಮಗಳು. ಸಿಂಧನೂರಿನಲ್ಲಿ ಕೊಟ್ಟಿದ್ದೇವೆ. "ಅಪ್ಪಾ, ಒಬ್ಬನ ಆ ಮನ್ಯಾಗ ಕುಂತು ಏನ್ಮಾಡ್ತಿ? ಗಿರಾಕಿ ನೋಡಿ ಮಾರಿಬಿಡು. ನಮ್ಮ ಕಡೆ ಬಾ" ಅಂದಳು. ತಪ್ಪು ಮಾತಲ್ಲ. ಕ್ವಾರ್ಟರ್ಸ್ ಖಾಲಿ ಮಾಡುವ ದಿನ ಹತ್ತಿರ ಬರುತ್ತಿತ್ತು. ಆಕಿ ಇಲ್ಲದ ಮನೆಯಲ್ಲಿ ಇರಲಿಕ್ಕೆ ನನಗೂ ಮನಸ್ಸಿರಲಿಲ್ಲ. "ಕೆಲಸ ಮುಗೀಲಿ, ನೋಡೋಣ" ಅಂದೆ.

ಆದರೆ ಕೆಲಸ ಮುಗಿಯಬೇಕಲ್ಲ.

ನೀರಿಗೆ ರೂಢಿ ಇಲ್ಲ

ನಮ್ಮ ಗೌಂಡಿ ತುರ್ವಿಹಾಳದವನು. ಅವನು ಗೋಡೆ ಕಟ್ಟುತ್ತಾನೆ, ಅವನ ಹೆಂಡತಿ ಕಲಸಿ ಕೊಡುತ್ತಾಳೆ. ಗದ್ದೆ ಕೆಲಸ ಇದ್ದಾಗ ಇಬ್ಬರೂ ಗದ್ದೆಗೆ ಹೋಗುತ್ತಾರೆ. ಉಳಿದ ದಿನ ಗೌಂಡಿ ಕೆಲಸ.

ನಮ್ಮಾಕಿಯ ದಿನಕರ್ಮ ಮುಗಿಸಿ ಬಂದವನೇ ನಾನು ಮೊದಲು ಅವನಿಗೆ ಆಕಿಯ ಬಚ್ಚಲಿನ ಮಾತು ಹೇಳಿದೆ. ಅವನು ತಲೆಗೆ ಕಟ್ಟಿದ ಟವೆಲ್ ಬಿಚ್ಚಿದ. "ಅಕ್ಕಾರು ಹೇಳ್ಯಾರಂದ್ರ ಮುಗೀತು ರೀ. ಜೀವ ಇಟ್ಟು ಮಾಡ್ತೀನಿ" ಅಂದ.

ಮಾಡಿದ. ಒಣಗಿತು. ಒಂದು ಕೊಡ ನೀರು ಸುರಿದೆ. ನೀರು ತೂತಿನ ಕಡೆ ನೋಡಲೂ ಇಲ್ಲ. ಸೀದಾ ಪಡಸಾಲೆಗೆ ಬಂದು ನನ್ನ ಚಪ್ಪಲಿ ಹತ್ತಿರ ನಿಂತಿತು.

ನಾನು ಗೌಂಡಿಯ ಮುಖ ನೋಡಿದೆ. ಅವನು ನೀರಿನ ಮುಖ ನೋಡಿದ.

"ನೀರಿಗೆ ಇನ್ನ ರೂಢಿ ಇಲ್ಲ ರೀ. ಹೊಸಾ ಮನಿ. ನಾಕ ದಿನ ಹೋಗಲಿ, ದಾರಿ ಗೊತ್ತಾಗ್ತೈತಿ."

"ಒಡಿ" ಅಂದೆ.

ಒಡೆದು ಮತ್ತೆ ಮಾಡಿದ. ಈ ಸಲ ನೀರು ಎಲ್ಲಿಯೂ ಹೋಗಲಿಲ್ಲ. ನಟ್ಟನಡುವೆ ಕೆರೆ ಹಂಗೆ ನಿಂತಿತು. "ನೋಡ್ರಿ, ಹೊರಗ ಹೋಗೋದು ಅತ್ಲಾಗಿರಲಿ. ಒಳಗಂತೂ ಬರಲಿಲ್ಲ. ಅರ್ಧಾ ಮಾತು ನಡಸೀನಿ" ಅಂದ.

ಅವನ ಹೆಂಡತಿಗೆ ನಗು ತಡೆಯಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ಆಚೆ ಹೋದಳು. ನನಗೂ ನಗು ಬಂತು. ಆಕಿ ಹೋದ ಮೇಲೆ ಅದೇ ಮೊದಲು.

ಮೂರನೇ ಸಲ ನೀರು ಸರಕ್ಕನೆ ತೂತಿಗೆ ಹೋಯಿತು. ನಾನು ನಂಬಲಿಲ್ಲ. ಇನ್ನೊಂದು ಕೊಡ ಸುರಿದೆ. ಅದೂ ಹೋಯಿತು. ಗೌಂಡಿ ಮೇಲೆ ನೋಡಿ ಕೈಮುಗಿದ. "ಅಕ್ಕಾರ ಮ್ಯಾಲಿಂದ ಹಿಡದು ಮಾಡಿಸ್ಯಾರ ರೀ. ಇಲ್ಲಂದ್ರ ನನ್ನ ಕೈಲಿ ಆಗೋ ಕೆಲಸ ಅಲ್ಲ ಇದು."

ಕೀಲಿ ಹಾಕಿತ್ತು

ಮುಂಬಾಗಿಲು ಲಿಂಗಸುಗೂರಿನ ಬಡಿಗನಿಗೆ ಕೊಟ್ಟಿದ್ದೆವು. ಚೌಕಟ್ಟು ಕೂಡಿಸಿ ಹೋದವನು ಮತ್ತೆ ಬರಲಿಲ್ಲ. ಫೋನ್ ಮಾಡಿದರೆ ಯಾವಾಗಲೂ ದಾರಿಯಲ್ಲಿ ಇರುತ್ತಿದ್ದ. "ಬಸ್ಸಿನ್ಯಾಗ ಅದೀನಿ ರೀ. ಮಸ್ಕಿ ಕಾಣಾಕತ್ತೈತಿ" ಅನ್ನುತ್ತಿದ್ದ. ಮಸ್ಕಿಗೆ ಮಾತ್ರ ಅವನು ಕಾಣುತ್ತಿರಲಿಲ್ಲ.

ಒಂದು ದಿನ ಸಿಟ್ಟಿನಿಂದ ಕೇಳಿದೆ. "ನಿನ್ನೆ ಬರ್ತೀನಿ ಅಂದಿದ್ದೆಲ್ಲಪ?"

"ಬಂದಿದ್ನೆಲ್ರಿ! ಮನಿ ಕೀಲಿ ಹಾಕಿತ್ತು. ಬಾಳೊತ್ತು ನಿಂತು ನೋಡಿ ವಾಪಸ್ ಹೋದೆ."

"ಎಲ್ಲಿ ಹಾಕಿತ್ತು?"

"ಬಾಗಲಕ್ಕ ರೀ."

"ಬಾಗಲಾ ಇನ್ನ ನಿನ್ನ ಅಂಗಡ್ಯಾಗ ಐತಲ್ಲೋ ತಮ್ಮಾ."

"ಹೌದಲ್ರಿ" ಅಂದ. ಫೋನ್ ಇಟ್ಟ.

ಮರುದಿನ ನಾನೇ ಲಿಂಗಸುಗೂರಿಗೆ ಹೋದೆ. ಮಟಮಟ ಮಧ್ಯಾಹ್ನ. ಅಂಗಡಿಯಲ್ಲಿ ನಮ್ಮ ಬಾಗಿಲು ತಯಾರಾಗಿತ್ತು. ಚಲೋ ಆಗಿತ್ತು. ಎರಡು ಮರದ ಸ್ಟ್ಯಾಂಡುಗಳ ಮೇಲೆ ಅಡ್ಡ ಇಟ್ಟಿದ್ದರು. ಬಡಿಗ ಅದರ ಮೇಲೆ ಬಾಯಿ ತೆರೆದು ಮಲಗಿದ್ದ. ತಲೆ ಕೆಳಗೆ ದಿಂಬು ಬೇರೆ.

ಕಾಲು ಅಲ್ಲಾಡಿಸಿದೆ. ಎದ್ದು ಕೂತ. ಒಂದು ಗಳಿಗೆ ನನ್ನನ್ನು ನೋಡಿದ, ಒಂದು ಗಳಿಗೆ ಬಾಗಿಲು ನೋಡಿದ.

"ಹಸಿ ಕಟಗಿ ರೀ. ಹಂಗ ಬಿಟ್ರ ಸೊಟ್ಟ ಆಗ್ತೈತಿ. ಅದಕ್ಕ ಜರಾ ಭಾರ ಹಾಕೀನಿ."

ಬಾಗಿಲ ಹಿಂದಿನ ಬೋರ್ಡು

ಬಾಗಿಲು ಬಂತು. ಒಳಗಿನ ಬಾಗಿಲೂ ಬಂದವು. ಕೂಡಿಸಿದರು. ಆಗ ಗೊತ್ತಾಯಿತು, ಮಲಗುವ ಖೋಲಿಯ ಲೈಟಿನ ಬೋರ್ಡು ಕಾಣುವುದಿಲ್ಲ ಅಂತ. ಬಾಗಿಲು ತೆರೆದರೆ ಅದು ಬಾಗಿಲ ಹಿಂದೆ ಹೋಗುತ್ತದೆ.

ಕರೆಂಟಿನವನನ್ನು ಸಿಂಧನೂರಿನಿಂದ ಕರೆಸಿದೆ. ಬಡಿಗನೂ ಅಲ್ಲೇ ಇದ್ದ.

"ನಾ ಬೋರ್ಡ್ ಹಚ್ಚಾಗ ಬಾಗಲಾ ಎಲ್ಲಿತ್ರಿ? ಯಾ ಕಡಿ ತೆರಿತೈತಿ ಅಂತ ಕನಸ ಬೀಳ್ತೈತಾ?" ಅಂದ ಕರೆಂಟಿನವ.

"ನಾ ಬಾಗಲಾ ಹಚ್ಚಾಗ ಬೋರ್ಡಿಗೆ ಕರೆಂಟ್ ಎಲ್ಲಿತ್ತು? ಬರೇ ಡಬ್ಬಿ ಇತ್ತು. ದೇವರ ಫೋಟೋ ಇಡಾಕ ಮಾಡ್ಯಾರ ಅಂತ ತಿಳದೆ" ಅಂದ ಬಡಿಗ.

"ಬಾಗಲಾ ತಿರುವಿ ಹಚ್ಚು."

"ನೀ ಗ್ವಾಡಿ ಒಡಿ."

ಗೋಡೆ ಅಂದ ಕೂಡಲೇ ಗೌಂಡಿ ಓಡಿ ಬಂದ. "ನನ್ನ ಗ್ವಾಡಿ ಮುಟ್ಟಿದ್ರ ನೋಡ್ರಿ ಮತ್ತ!" ಮೂವರೂ ಜಗಳ ತೆಗೆದರು. ಕಡೆಗೆ ಮೂವರೂ ಒಂದಾದರು. ಲೈಟು ಹಚ್ಚುವುದು ಎಷ್ಟು ಸಸಾರ ಅಂತ ನನಗೆ ಹೇಳಿಕೊಟ್ಟರು. "ಒಳಗ ಹೋಗ್ರಿ, ಬಾಗಲಾ ಹಾಕ್ಕೋರಿ, ಲೈಟ್ ಹಚ್ಚರಿ, ಬಾಗಲಾ ತೆಗೀರಿ. ಮುಗೀತು."

ಅವರ ಮಾತು ಕೇಳಿ ಒಳಗೆ ಹೋದೆ. ಬಾಗಿಲು ಹಾಕಿಕೊಂಡೆ. ಕಿಟಕಿಗೆ ಬಡಿದ ಹಲಗೆ ಇನ್ನೂ ತೆಗೆದಿರಲಿಲ್ಲ, ಕಗ್ಗತ್ತಲು. ಗಣಿಯಲ್ಲಿ ದುಡಿದವನಿಗೆ ಕತ್ತಲು ಹೊಸದಲ್ಲ. ತಡವಿದೆ. ಬೋರ್ಡು ಸಿಕ್ಕಿತು. ಒತ್ತಿದೆ.

ಫ್ಯಾನ್ ತಿರುಗಿತು.

ಒಲೆಕಟ್ಟೆಯ ಅಳತೆ

ಅಡಿಗೆ ಮನೆಯಲ್ಲಿ ಒಲೆಕಟ್ಟೆ ಕಟ್ಟುವಾಗ ನಮ್ಮ ಕಡೆ ಗೌಂಡಿಗಳು ಟೇಪು ಹಿಡಿಯುವುದಿಲ್ಲ. ಮನೆಯ ಹೆಣ್ಣುಮಗಳನ್ನು ಗೋಡೆಗೆ ನಿಲ್ಲಿಸುತ್ತಾರೆ. ಮೊಳಕೈ ಎಲ್ಲಿ ಬರುತ್ತದೋ ನೋಡಿ ಅದರ ಕೆಳಗೆ ಗೀಟು ಹಾಕುತ್ತಾರೆ.

ಗೌಂಡಿ ಇದ್ದಿಲು ಹಿಡಿದು ಬಂದ. ಯಾರನ್ನು ನಿಲ್ಲಿಸಬೇಕು ಅಂತ ಕೇಳಲಿಕ್ಕೆ ಆಗದೆ ನಿಂತ.

ನಾನೇ ಅಂದೆ, "ಆಕಿ ಎತ್ತರ ನಿನಗ ಗೊತ್ತೈತೆಲ್ಲ. ಅಂದಾಜು ಹಾಕು."

ಅವನು ತನ್ನ ಎದೆ ಮಟ್ಟಕ್ಕೆ ಗೋಡೆಗೆ ಗೀಟು ಹಾಕಿದ. ಅವನ ಹೆಂಡತಿ ನೋಡಿ, "ಏನಲೇ, ಅಕ್ಕಾರೇನು ಕರೆಂಟ್ ಕಂಬ ಇದ್ರೇನು?" ಅಂತ ತೊಡೆ ಎತ್ತರಕ್ಕೆ ಇನ್ನೊಂದು ಗೀಟು ಎಳೆದಳು. ನಮ್ಮಾಕಿ ಬಂದಾಗಲೆಲ್ಲ ಅವಳ ಜತೆ ನೆಲಕ್ಕೆ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ಅವಳಿಗೆ ಕೂತ ಎತ್ತರವೇ ನೆನಪು. ಇಬ್ಬರೂ ನನ್ನ ಕಡೆ ನೋಡಿದರು. ನಾನು ಇದ್ದಿಲು ತೆಗೆದುಕೊಂಡು ಗೋಡೆಗೆ ಹೋದೆ. ಎಲ್ಲಿ ಹಾಕಬೇಕು ತಿಳಿಯಲಿಲ್ಲ. ಅಷ್ಟು ವರ್ಷ ಪಕ್ಕದಲ್ಲೇ ನಿಂತವಳು. ಕೈ ಅಲ್ಲೇ ನಿಂತಿತು.

ಗೌಂಡಿಯ ಹೆಂಡತಿ ಮೆಲ್ಲಗೆ ಇದ್ದಿಲು ಇಸಿದುಕೊಂಡಳು. "ಯಾರು ಅಡಿಗಿ ಮಾಡ್ತಾರ, ಅವರ ಅಳತಿ ರೀ. ನೀವ ನಿಂದರ್ರಿ."

"ನಾ ಇಲ್ಲಿ ಇರತೀನೋ ಇಲ್ಲೋ ಗೊತ್ತಿಲ್ಲವ್ವಾ."

"ಅದನ್ನ ಆಮ್ಯಾಲ ನೋಡ್ಕೋರಿ. ಮೊದಲ ಮೊಣಕೈ ಮಡಚ್ರಿ."

ಮಡಚಿದೆ. ಗೀಟು ಹಾಕಿದಳು. ಗೌಂಡಿ ಮಾತ್ರ ಇನ್ನೂ ತನ್ನ ಗೀಟನ್ನೇ ನೋಡುತ್ತಿದ್ದ. "ನಂದೇನು ತಪ್ಪಿಲ್ಲ ರೀ. ಅಕ್ಕಾರು ಯಾವಾಗ ಬಂದ್ರೂ ಇಟ್ಟಂಗಿ ಗುಂಪಿ ಹತ್ತಿ ನಿಂತ ನನಗ ಬೈತಿದ್ರು. ನನ್ನಕಿಂತ ಎತ್ತರ ಅದಾರ ಅಂತನ ತಿಳದಿದ್ದೆ."

ಮಾಳಿಗೆ ಬೆಳೆ

ಕಡೆಯ ಕೆಲಸ ಮಾಳಿಗೆಯದು. ಸ್ಲ್ಯಾಬಿನ ಮೇಲೆ ಇನ್ನೊಂದು ಪದರ ಸಿಮೆಂಟ್ ಗಿಲಾಯಿ ಮಾಡಿ, ಅದು ಗಟ್ಟಿಯಾಗಲು ಸುತ್ತ ಕೆಸರಿನ ಬದು ಕಟ್ಟಿ, ಗೋಣಿಚೀಲ ಹಾಸಿ ನೀರು ನಿಲ್ಲಿಸಬೇಕು. ಗೌಂಡಿ ಸಿಂಧನೂರಿನ ರೈಸ್ ಮಿಲ್ಲಿನಿಂದ ಹಳೆ ಚೀಲ ತಂದ. ಗಂಡ ಹೆಂಡತಿಗೆ ನೀರು ಬಿಡಲು ಹೇಳಿ ನಾನು ಹಟ್ಟಿಗೆ ಹೋದೆ. ಕ್ವಾರ್ಟರ್ಸ್ ಖಾಲಿ ಮಾಡುವುದಿತ್ತು. ನಮ್ಮಾಕಿಯ ಸಾಮಾನು ಕಟ್ಟಲು ಕೈ ಬರದೆ ಮೂರು ವಾರ ತಡವಾಯಿತು.

ಅಷ್ಟರಲ್ಲಿ ಮಗಳು ಗಿರಾಕಿ ಹುಡುಕಿದ್ದಳು. ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟ ಸಾವ್ಕಾರ. ಅವನನ್ನು ಕರೆದುಕೊಂಡು ಮಸ್ಕಿಗೆ ಬಂದೆ. ಕೆಳಗೆಲ್ಲ ನೋಡಿದ. ಒಪ್ಪಿದ ಹಂಗೆ ಕಂಡ. "ಮಾಳಿಗಿ ತೋರಸ್ರಿ" ಅಂದ. ಹತ್ತಿದೆವು.

ಮಾಳಿಗೆ ಹಸಿರಾಗಿತ್ತು.

ಅರ್ಧಂಬರ್ಧ ಅಲ್ಲ. ಬದುವಿನಿಂದ ಬದುವಿಗೆ ನೆಲ್ಲಿನ ಸಸಿ. ಗೇಣುದ್ದ ಬೆಳೆದು ಗಾಳಿಗೆ ಬಾಗುತ್ತಿತ್ತು. ಚೀಲದ ಹೊಲಿಗೆಯಲ್ಲಿ ಉಳಿದ ಕಾಳು ನೀರು ಕಂಡು ಮೊಳೆತಿತ್ತು. ಗೌಂಡಿಯ ಹೆಂಡತಿ ಸೀರೆ ಎತ್ತಿ ಕಟ್ಟಿ ನಡುವೆ ನಿಂತು ಕಳೆ ತೆಗೆಯುತ್ತಿದ್ದಳು.

"ಏನಿದು?" ಅಂದೆ.

ಗೌಂಡಿ ತಲೆ ಕೆರೆದುಕೊಂಡ. "ಮೊದಲ ಹುಲ್ಲು ಅಂದ್ಕೊಂಡೀವಿ ರೀ. ಆಮ್ಯಾಲ ನೋಡಿದ್ರ ನೆಲ್ಲು. ಕೀಳೂನು ಅಂದೆ, ಈಕಿ ಬಿಡವಲ್ಲಳು."

"ಹಸರ ಬಂದದ್ದನ್ನ ಹೆಂಗ ಕೀಳೂದ್ರಿ? ಕೈ ಬರತೈತಾ?" ಅಂದಳು ಅವಳು.

ಸಾವ್ಕಾರ ಸಿಟ್ಟಿಗೇಳುತ್ತಾನೆ ಅಂತ ಕಾದೆ. ಅವನು ಚಪ್ಪಲಿ ಬಿಟ್ಟ. ಪ್ಯಾಂಟು ಮಡಚಿದ. ಒಳಗೆ ಇಳಿದ. ಬಗ್ಗಿ ಒಂದು ಎಲೆ ಹಿಡಿದು ಹಿಂದೆ ಮುಂದೆ ನೋಡಿದ. "ಸತು ಕಡಿಮಿ ಬಿದ್ದೈತಿ. ಇಲ್ಲಿ ಕಂದು ಚುಕ್ಕಿ ನೋಡ್ರಿ. ಏನು ಹಾಕೀರಿ?"

"ಒಂದ ಹಿಡಿ ಯೂರಿಯಾ ಹಾಕೀನ್ರಿ" ಅಂದ ಗೌಂಡಿ.

"ಬರೇ ಯೂರಿಯಾ ಹಾಕಿ ಕೆಡಸ್ತೀರಿ" ಅಂತ ಬೈದ. ಆಮೇಲೆ ತಾನು ಮನೆ ಕೊಳ್ಳಲು ಬಂದದ್ದು ನೆನಪಾಯಿತು. "ಅಲ್ಲಾ, ಇಷ್ಟ ನೀರು ನಿಲ್ಲಿಸೀರಿ. ಸ್ಲ್ಯಾಬ್ ಸೋರಂಗಿಲ್ಲ?"

"ಸೋರಿದ್ರ ಗದ್ದಿ ಆಗ್ತಿತ್ತೇನ್ರಿ? ಕಾಲುವಿ ಹೊಲದಾಗೂ ನೀರು ಹಿಂಗ ನಿಲ್ಲಂಗಿಲ್ಲ. ಇದಕ್ಕಿಂತ ಗ್ಯಾರಂಟಿ ಬೇಕಾ?" ಅಂದ ಗೌಂಡಿ.

ಸಾವ್ಕಾರನಿಗೆ ಮಾತು ಹಿಡಿಸಿತು. "ಆಗಲಿ. ನಾ ತಗೋತೀನಿ. ಇದನ್ನೆಲ್ಲ ಕಿತ್ತು ತೊಳಸ್ರಿ" ಅಂದ.

ಗೌಂಡಿಯ ಹೆಂಡತಿ ಕೈಯಲ್ಲಿನ ಕಳೆ ಕೆಳಗೆ ಹಾಕಿದಳು. "ಮಾರಾಕತ್ತೀರೇನ್ರಿ? ನಮಗ ಹೇಳೇ ಇಲ್ಲ" ಅಂದಳು. ಬದುವಿನಲ್ಲಿ ಒಂದು ಕಡೆ ನೀರು ಜಿನುಗುತ್ತಿತ್ತು. ಗೌಂಡಿ ಕೂತು ಕೈಯಿಂದ ಕೆಸರು ಮೆತ್ತಿದ.

ನಾನು ಸಸಿ ಕಡೆ ನೋಡಿದೆ. ನಾನು ಇಲ್ಲದಾಗಲೂ ತಪ್ಪದೆ ಮುಂಜಾನೆ ಸಂಜೆ ನೀರು ಬಿಟ್ಟಿದ್ದರು. ಯಾರೂ ಹೇಳದೆ ಕಳೆ ಕಿತ್ತಿದ್ದರು. ಅದು ಅವರ ಹೊಲ ಅಲ್ಲ, ಅವರ ಮನೆ ಅಲ್ಲ.

"ಈಗ ಆಗಂಗಿಲ್ಲ ಸಾವ್ಕಾರ್ರ. ಬೆಳಿ ಐತಿ" ಅಂದೆ.

"ಏನಂದ್ರಿ?"

"ನಿಂತ ಬೆಳಿ ಬಿಟ್ಟು ಹೆಂಗ ಹೋಗ್ಲಿ?"

"ಹಂಗಾರ ಕೊಯ್ಲಾದ ಮ್ಯಾಲ ಕೊಡ್ರಿ."

"ಆಮ್ಯಾಲ ಎರಡನೇ ಬೆಳಿ ಹಾಕ್ತೀನಿ."

ಅವನು ಕಾಲುವೆ ಸೀಮೆಯವನು. ಎರಡು ಬೆಳೆ ತೆಗೆಯುವವನಿಗೆ ವರ್ಷದಲ್ಲಿ ಬಿಡುವು ಎಷ್ಟು ಅಂತ ಅವನಿಗೆ ಗೊತ್ತು. ನನ್ನ ಮುಖ ನೋಡಿದ. ನಕ್ಕ. ಚಪ್ಪಲಿ ಹಾಕಿಕೊಂಡ. ಅರ್ಧ ಮೆಟ್ಟಿಲು ಇಳಿದವನು ತಿರುಗಿ, "ಮನಿ ಕೊಡ್ರಿ ಬಿಡ್ರಿ. ಸತು ಮಾತ್ರ ಮರೀಬ್ಯಾಡ್ರಿ" ಅಂದ.

ಸಸಿ ಮಾಳಿಗೆ ಮೇಲೆ ಬಿಡುವ ಹಂಗಿರಲಿಲ್ಲ. ಬೇರು ಇಳಿದರೆ ಗಿಲಾಯಿ ಹೋಗುತ್ತದೆ. ಮರುದಿನ ಮುಂಜಾನೆ ಗೌಂಡಿಯ ಹೆಂಡತಿ ಎಲ್ಲ ಕಿತ್ತು ಸಿವುಡು ಕಟ್ಟಿ ಕೆಳಗೆ ತಂದಳು. ಮನೆ ಹಿತ್ತಲಲ್ಲಿ ಒಂದು ತುಂಡು ಜಾಗ ಇತ್ತು. ಗೌಂಡಿ ನೀರು ಬಿಟ್ಟು ತುಳಿದು ಕೆಸರು ಮಾಡಿದ. ನಾನು ಲುಂಗಿ ಎತ್ತಿ ಕಟ್ಟಿ ಇಳಿದೆ. ಜೀವನದಲ್ಲಿ ಮೊದಲ ಸಲ ನಾಟಿ ಮಾಡಿದೆ.

ನಡುವೆ ಮಗಳ ಫೋನ್ ಬಂತು. ನನ್ನ ಕೈ ಕೆಸರು. ಗೌಂಡಿಯ ಹೆಂಡತಿ ಕಿವಿಗೆ ಹಿಡಿದಳು.

"ಅಪ್ಪಾ, ಸಾವ್ಕಾರ ಏನೇನೋ ಹೇಳಾಕತ್ತಾನ. ಎಲ್ಲಿ ಅದಿ?"

"ಮನ್ಯಾಗ ಅದೀನಿ."

"ಯಾವ ಮನ್ಯಾಗ?"

"ನಮ್ಮ ಮನ್ಯಾಗ. ನಾಟಿ ಮಾಡಾಕತ್ತೀನಿ. ಆಮ್ಯಾಲ ಮಾಡು."

ಮತ್ತೆ ಬಗ್ಗಿದೆ. ಒಂದು ಸಾಲು ಮುಗಿಸಿ ಸೊಂಟ ಹಿಡಿದು ಎದ್ದು ನಿಂತೆ. ಗೌಂಡಿ ಬದುವಿನ ಮೇಲೆ ನಿಂತು ಒಂದು ಕಣ್ಣು ಮುಚ್ಚಿ ನನ್ನ ಸಾಲು ನೋಡುತ್ತಿದ್ದ. ಜೇಬಿನಿಂದ ದಾರ ತೆಗೆದ. ಈ ತುದಿಯಿಂದ ಆ ತುದಿಗೆ ಎಳೆದು ಹಿಡಿದ.

"ಮಾಲಕ್ರ, ಕೆಲಸ ಸೊಟ್ಟ ಆಗೈತಿ."

"ಇರಲಿ ಬಿಡಪ, ಅಷ್ಟೇನು ಕಾಣಂಗಿಲ್ಲ."

"ನನಗ ಕಾಣ್ತೈತ್ರಿ. ಕೀಳ್ರಿ."

ಕಿತ್ತು ಮತ್ತೆ ಹಚ್ಚಿದೆ.