ಗಂಟೆಗೊಮ್ಮೆ ಬಿದ್ದ ಗಿರಿಜಕ್ಕ

ಅರ್ಧ ಕಲಿತ ವಿದ್ಯೆಯನ್ನು ಮನೆಯವರ ಮೇಲೆ ಪ್ರಯೋಗಿಸುವ ಚಟ ಕೆಲವರಿಗಿರುತ್ತದೆ. ಔಷಧದ ಪುಸ್ತಕ ಓದಿದವರು ಸಿಕ್ಕಸಿಕ್ಕವರ ಬಾಯಿಗೆ ಗುಳಿಗೆ ಹಾಕುತ್ತಾರೆ. ಹಾವೇರಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವ ನಾನು ಕಂಪ್ಯೂಟರಿಗೆ ನಾಲ್ಕು ಸಾಲು ಸ್ಕ್ರಿಪ್ಟ್ ಬರೆಯಲು ಕಲಿತ ಕೂಡಲೇ ಇಡೀ ಬಳಗಕ್ಕೆ ಸುದ್ದಿ ಹಂಚುವ ಫೀಡ್ ಸರ್ವರ್ ಕಟ್ಟಿಬಿಟ್ಟೆ. ಕಾರಣವಿಲ್ಲದೆ ಅಲ್ಲ. ನಮ್ಮ ಬಳಗದ ಮೊಬೈಲ್ ಗುಂಪಿನಲ್ಲಿ ಶುಭೋದಯದ ಗುಲಾಬಿಗಳ ರಾಶಿಯಡಿ ಗೃಹಪ್ರವೇಶದ ಕರೆಯೊಂದು ಹೂತುಹೋಗಿ, ನಾನು ಮರುದಿನ ಹೋಗಿ ತಣ್ಣನೆಯ ಹೋಳಿಗೆ ತಿಂದು ಬಂದಿದ್ದೆ.

ಹಳೆಯ ಲ್ಯಾಪ್‌ಟಾಪನ್ನು ಗೋಡೆಯ ಮಾಡದಲ್ಲಿ ಕೂರಿಸಿದೆ. ಬಳಗದ ಸುದ್ದಿಯನ್ನು ನಾನು ಒಂದು ಫೈಲಿನಲ್ಲಿ ಬರೆದಿಟ್ಟರೆ, ಸ್ಕ್ರಿಪ್ಟ್ ಗಂಟೆಗೊಮ್ಮೆ ಎದ್ದು ಅದನ್ನು ಫೀಡಿನ ಅಚ್ಚಿಗೆ ಹಾಕಿ ಹೊರಗಿಡುತ್ತದೆ. ನೆಂಟರ ಮೊಬೈಲಿನ ಆ್ಯಪ್ ಅದನ್ನೆತ್ತಿಕೊಂಡು ಟಿಣ್ ಎನ್ನುತ್ತದೆ.

“ಫೀಡ್ ಅಂದ್ರ ಎಮ್ಮಿಗೆ ಹಾಕ್ತಾರಲ್ರಿ, ಅದೇನು?” ಎಂದಳು ಹೆಂಡತಿ.

“ಇದು ಮಂದಿಗೆ.”

“ಹಂಗಾರ ಹಾಲು ಯಾರು ಕೊಡ್ತಾರ?”

ನಾನು ಎದ್ದು ಲ್ಯಾಪ್‌ಟಾಪಿನ ಧೂಳು ಒರೆಸಿದೆ.

ಆಗ ರಾಣೆಬೆನ್ನೂರಿನ ನಮ್ಮ ಗಿರಿಜಕ್ಕನ ಮಗಳಿಗೆ ಮೇಡ್ಲೇರಿಯ ಒಂದು ಮನೆತನದ ಸಂಬಂಧ ಕೂಡಿಬರುತ್ತಿತ್ತು. ಮಾತು ನಡೆಸಿದ್ದವನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನಮ್ಮ ಕಾಕಾ. ಹೇಗೂ ಬೀಗರಾಗುವವರೆಂದು ಹುಡುಗನ ತಂದೆಯ ಮೊಬೈಲಿಗೂ ಅವನು ನಮ್ಮ ಫೀಡ್ ಹಾಕಿಸಿಕೊಟ್ಟಿದ್ದ. ಅಷ್ಟರಲ್ಲಿ ಅಕ್ಕ ಬಚ್ಚಲಲ್ಲಿ ಜಾರಿದಳು. ಏನೂ ಆಗಲಿಲ್ಲ, ಎದ್ದು ಹೋಗಿ ರೊಟ್ಟಿ ಬಡಿದಳು. ನನಗೋ ಫೀಡಿನ ಉದ್ಘಾಟನೆಗೆ ಸುದ್ದಿ ಬೇಕಿತ್ತು. ‘ಗಿರಿಜಕ್ಕ ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ’ ಎಂದು ಬರೆದಿಟ್ಟು ನಿಶ್ಚಿಂತನಾದೆ.

ಫೀಡಿನಲ್ಲಿ ಪ್ರತಿ ಸುದ್ದಿಗೂ ಬದಲಾಗದ ಒಂದು ಗುರುತು ಕೊಡಬೇಕು. ಅದನ್ನು ನೋಡಿ ಆ್ಯಪ್ ‘ಇದು ಹಳೆಯದು’ ಎಂದು ಸುಮ್ಮನಾಗುತ್ತದೆ. ನಾನು ಸ್ಕ್ರಿಪ್ಟ್ ಓಡಿದ ಗಳಿಗೆಯನ್ನೇ ಗುರುತಾಗಿ ಕೊಟ್ಟಿದ್ದೆ. ಹೀಗಾಗಿ ಗುರುತು ಪ್ರತಿ ಸಲ ಬದಲಾಗಿ, ಅಕ್ಕ ಎಲ್ಲರ ಮೊಬೈಲಿನಲ್ಲಿ ಗಂಟೆಗೊಮ್ಮೆ ಹೊಸದಾಗಿ ಬಿದ್ದಳು. ಬರೆದವನೇ ಓದುವುದೇನೆಂದು ನಾನು ಆ್ಯಪ್ ಹಾಕಿಕೊಂಡಿರಲಿಲ್ಲ.

ಮರುದಿನ ಕಾಕಾನ ಫೋನು ಬಂತು. “ಏನೋ ಇದು, ಗಿರಿಜಾ ನಿನ್ನೆಯಿಂದ ಬೀಳಾಕತ್ತಾಳ! ಹಿಡಿಯಾಕ ಮನ್ಯಾಗ ಯಾರೂ ಇಲ್ಲೇನು? ತಾಯಿ ಕಾಲಾಗ ಶಕ್ತಿ ಇಲ್ಲಂದ್ರ ಮಗಳ ಕಾಲು ಹೆಂಗದಾವ ಅಂತ ಬೀಗರು ಕೇಳಾಕತ್ತಾರ. ಸ್ವತಃ ನೋಡಾಕ ಹೊಂಟಾರ, ಲಗೂ ಹೋಗು!”

ಸಿಕ್ಕ ಬಸ್ಸು ಹತ್ತಿ ರಾಣೆಬೆನ್ನೂರಿಗೆ ಓಡಿದೆ. ಮಾಡುವ ಮೊದಲೇ ಮುರಿದ ಮದುವೆಯ ಪಾಪ ನನ್ನ ತಲೆಗೆ ಬರುತ್ತದೆಂದು ದಾರಿಯುದ್ದಕ್ಕೂ ಬೆವರಿದೆ. ಅಕ್ಕನ ಪಡಸಾಲೆಯಲ್ಲಿ ಎಳನೀರು, ಬಾಳೆಹಣ್ಣಿನ ರಾಶಿ ಬಿದ್ದಿತ್ತು.

“ಕುಪ್ಪೇಲೂರಿನ ಅತ್ತಿ ಬಂದು ನನ್ನ ಕಾಲು ಹಿಡಕೊಂಡು ಅತ್ತು ಹ್ವಾದಳು,” ಎಂದಳು ಅಕ್ಕ. “ನಾ ಒಮ್ಮೆ ಬಿದ್ದೇನಿ. ಎಲ್ಲಾರೂ ಎಷ್ಟನೇ ಸಲ ಅಂತ ಕೇಳಾಕತ್ತಾರ. ಯಾಕ?”

ನಾನು ಗುರುತು, ಗಳಿಗೆ, ಸ್ಕ್ರಿಪ್ಟ್ ಎಂದು ತಿಳಿಸಿ ಹೇಳತೊಡಗಿದೆ. ಪಾಠ ಅರ್ಧವಾಗುವುದರೊಳಗೆ ಅಕ್ಕನ ಕೈಗೆ ಕಸಬರಿಗೆ ಬಂದಿತ್ತು. ನಾನು ಅಂಗಳಕ್ಕೆ ಹಾರಿದೆ, ಅವಳೂ ಹಾರಿದಳು. ಪಕ್ಕದವರ ಟ್ರ್ಯಾಕ್ಟರ್ ಸುತ್ತ ನಾವು ತಿರುಗುತ್ತಿರುವಾಗ ಜೀಪೊಂದು ಬಂದು ನಿಂತಿತು. ಇಳಿದವರು ಹುಡುಗನ ತಂದೆ. ಅಕ್ಕ ಗಕ್ಕನೆ ನಿಂತು ತಲೆಯ ಮೇಲೆ ಸೆರಗು ಎಳೆದುಕೊಂಡಳು, ಕಸಬರಿಗೆ ಮಾತ್ರ ಬಿಡಲಿಲ್ಲ.

ಅವರು ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಕಾಲು ಭೇಷ್ ಅದಾವ್ರಿ! ಇನ್ನ ನಾವು ಕೇಳೋದು ಏನೂ ಉಳೀಲಿಲ್ಲ,” ಎಂದರು. ಆಮೇಲೆ ಏದುಸಿರು ಬಿಡುತ್ತ ಟೈರಿಗೆ ಆತುಕೊಂಡಿದ್ದ ನನ್ನನ್ನು ನೋಡಿ, “ಇವರಿಗೇನಾಗೈತ್ರಿ?” ಎಂದರು.

“ಇವಗ ಸ್ವಲ್ಪ ತಲಿ ಸರಿ ಇಲ್ರಿ,” ಎಂದಳು ಅಕ್ಕ. “ಆದ್ರ ಅದು ಮನೆತನದಾಗ ಬಂದದ್ದಲ್ಲ. ಕಂಪ್ಯೂಟರಿಂದ ಬಂದದ್ದು.”

ಚಹಾ ಆಯಿತು, ಬೆಲ್ಲ ಹಂಚಿದರು, ಮದುವೆ ಗಟ್ಟಿಯಾಯಿತು. ನಾನು ಊರಿಗೆ ಬಂದು, ಸುದ್ದಿಗೊಂದು ಖಾಯಂ ಗುರುತು ಕೊಟ್ಟು ಸ್ಕ್ರಿಪ್ಟ್ ತಿದ್ದಿದೆ. ಈಗ ಪ್ರತಿ ಸುದ್ದಿಯೂ ಒಮ್ಮೆ ಮಾತ್ರ ಹೋಗುತ್ತದೆ. ಇಂಥ ಅಚ್ಚುಕಟ್ಟು ಕೆಲಸವನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ.

ವಾರ ಕಳೆಯುವುದರೊಳಗೆ ಮತ್ತೆ ಕಾಕಾನ ಫೋನು. “ನಿನ್ನ ಮಷಿನ್ ಕೆಟ್ಟೈತಿ ನೋಡೋ. ಮದ್ಲ ಹೆಂಗ ಟಿಣ್ ಟಿಣ್ ಅಂತಿತ್ತು! ಅಂಗಡಿಯಾಗ ಒಬ್ಬನ ಕುಂತ್ರ ಬ್ಯಾಸರಾಕೈತಿ.”

ಎಷ್ಟು ವಿವರಿಸಿದರೂ ಒಪ್ಪಲಿಲ್ಲ. ಕೊನೆಗೆ ಅವನೊಬ್ಬನಿಗಾಗಿ ಬೇರೆ ಫೀಡ್ ಮಾಡಿ, ಅದರಲ್ಲಿ ಸ್ಕ್ರಿಪ್ಟನ್ನು ಮೊದಲಿನಂತೆ ಕೆಡಿಸಿ ಇಟ್ಟೆ.

“ಹಾಂ, ಈಗ ಖರೇ ಕಲತಿ ನೋಡು,” ಎಂದ ಕಾಕಾ. ನನ್ನ ವಿದ್ಯೆಗೆ ಇದುವರೆಗೆ ಸಿಕ್ಕ ಪ್ರಶಸ್ತಿ ಅದೊಂದೇ.