ಮಾಸ್ತರರ ಬೆಲ್ಟಿನ ಹತ್ತಿ

ಆದೋನಿಯ ಮಾರ್ಕೆಟ್ ಯಾರ್ಡಿನಲ್ಲಿ ಮೂವತ್ತು ವರ್ಷ ಹತ್ತಿಯ ಗುಣ ನೋಡಿದ ಕೈ ನನ್ನದು. ಕಣ್ಣು ಮುಚ್ಚಿ ಮುಟ್ಟಿದರೂ ಇದು ಹೊಳಗುಂದದ ಮಳೆಯಾಶ್ರಿತ ಹತ್ತಿಯೋ, ಕಾಲುವೆ ನೀರು ಕುಡಿದದ್ದೋ ಹೇಳಬಲ್ಲೆ. ಅಂಥ ಕೈಯೊಂದು ಬೇಕೆಂದು ಟಾಂಜಾನಿಯಾದ ಮ್ವಾಂಜಾ ಎಂಬ ಊರಿನ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನವರು ಎರಡು ವರ್ಷಕ್ಕೆ ನನ್ನನ್ನು ಕರೆಸಿಕೊಂಡರು. ಹೆಂಡತಿ ಗಿರಿಜಾಳೂ ಜೊತೆಗೆ ಬಂದಳು.

ಪರದೇಶದಲ್ಲಿ ಹೊತ್ತು ಹೋಗದೆ ಆಕೆ ಒಂದು ದಿನ ಕರಾಟೆ ಕ್ಲಾಸಿಗೆ ಹೆಸರು ಕೊಟ್ಟು ಬಂದಳು. ವಯಸ್ಸು ನಲವತ್ತೆಂಟು.

"ಈ ವಯಸ್ಸಿನ್ಯಾಗ ಯಾರನ್ನ ಒದಿಯಾಕ ಹೊಂಟಿ?" ಎಂದು ಕೇಳಿದೆ.

"ಸದ್ಯಕ್ಕ ಗಾಳಿನ ಒದಿಯಾಕ ಕಲಸ್ತಾರಂತ್ರಿ. ಮುಂದಿಂದು ಮುಂದ ನೋಡೂನು," ಎಂದಳು.

ಸಂಜೆ ಒಬ್ಬಳನ್ನೇ ಕಳಿಸುವುದು ಹೇಗೆಂದು ನಾನೂ ಹೋಗಿ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತೆ. ಆರು ತಿಂಗಳು ಕೂತೆ. ನೋಡಿ, ಇದ್ದದ್ದು ಹೇಳುತ್ತೇನೆ: ಇಷ್ಟು ಜನ ಇಷ್ಟು ಶಿಸ್ತಿನಿಂದ ಏನೂ ಮಾಡದೆ ಇರುವುದನ್ನು ನಾನು ಸರ್ಕಾರಿ ಕಚೇರಿಯಲ್ಲೂ ಕಂಡಿಲ್ಲ. ಬಿಳಿ ಅಂಗಿ ತೊಟ್ಟ ಮೂವತ್ತು ಮಂದಿ ಸಾಲಾಗಿ ನಿಂತು ಗಾಳಿಗೆ ಗುದ್ದುತ್ತಾರೆ. ಗಾಳಿ ತಿರುಗಿ ಗುದ್ದುವುದಿಲ್ಲ. ಗೆದ್ದೆವೆಂದು ಕೂಗುತ್ತಾರೆ. ಒಳಗೆ ಬರುವಾಗ ನೆಲಕ್ಕೆ ನಮಸ್ಕಾರ, ಹೋಗುವಾಗ ನೆಲಕ್ಕೆ ನಮಸ್ಕಾರ, ಒದೆಯುವ ಮೊದಲು ಒದೆಸಿಕೊಳ್ಳುವವನಿಗೂ ಒಂದು ನಮಸ್ಕಾರ. ನಮ್ಮ ಕಡೆ ಜಗಳವೆಂದರೆ ಮೊದಲು ಹೆಗಲ ಮೇಲಿನ ಟವೆಲು ಕೊಡವುತ್ತಾರೆ, ಆಮೇಲೆ ಮೂರು ತಲೆಮಾರು ಎತ್ತಿ ಬೈಯುತ್ತಾರೆ, ಅಷ್ಟರಲ್ಲಿ ಹಿರಿಯರು ಬಂದು ಬಿಡಿಸುತ್ತಾರೆ. ಯಾರಿಗೂ ಪೆಟ್ಟಿಲ್ಲ, ಬಟ್ಟೆಗೂ ಮಣ್ಣಿಲ್ಲ. ಇದಕ್ಕಿಂತ ಮುಂದುವರಿದ ಯುದ್ಧಕಲೆ ಜಪಾನಿನವರಲ್ಲಿದ್ದರೆ ತೋರಿಸಲಿ.

ಕಲಿಸುವ ಮಾಸ್ತರರು ಆ ಊರಿನವರೇ, ಅರವತ್ತರ ಹತ್ತಿರದ ಸಣಕಲು ಮನುಷ್ಯ. ಅವರ ಸೊಂಟದ ಕಪ್ಪು ಬೆಲ್ಟನ್ನಂತೂ ನೋಡುವ ಹಾಗಿರಲಿಲ್ಲ. ಕಪ್ಪು ಬಟ್ಟೆ ಸವೆದು, ಅಂಚು ಹರಿದು, ಒಳಗಿನ ಬಿಳಿ ಹತ್ತಿ ಹೊರಗೆ ಇಣುಕುತ್ತಿತ್ತು.

"ಇಷ್ಟ್ ದೊಡ್ಡ ಗುರುಗಳಿಗೆ ಒಂದು ನೆಟ್ಟನ ಬೆಲ್ಟ್ ಸಿಗಲಿಲ್ಲೇನು?" ಎಂದೆ ಮನೆಗೆ ಬರುತ್ತಾ.

"ಚಾಲ್ರಿ, ಸಾಕು ಮಾಡ್ರಿ. ಅದು ಸವದಷ್ಟೂ ಮರ್ಯಾದಿ ಜಾಸ್ತಿ. ಅವ್ರ ಗುರುಗಳು ಸಾಯೋ ಮುಂದ ಕೊಟ್ಟಿದ್ದಂತ."

"ಹಂಗಾರ ನನ್ನ ಬನಿಯನ್ನಿಗೆ ಎಷ್ಟ್ ಮರ್ಯಾದಿ ಇರಬೇಕು."



ಆಕೆಯ ಹಳದಿ ಬೆಲ್ಟಿನ ಪರೀಕ್ಷೆ ಬಂತು. ನನ್ನ ಎರಡು ವರ್ಷದ ಕೆಲಸ ಮುಗಿದು, ಮುಂದಿನ ವಾರ ಆದೋನಿಗೆ ಹೊರಡುವವರಿದ್ದೆವು. ಈ ಸಲ ತಪ್ಪಿದರೆ ಆಕೆಗೆ ಇನ್ನೊಂದು ಸಲವಿಲ್ಲ. ಮೂರು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ರೊಟ್ಟಿ ಬಡಿಯುವಾಗಲೂ ಎಡಗಾಲು ಮುಂದಿಟ್ಟೇ ನಿಲ್ಲುತ್ತಿದ್ದಳು.

ಪರೀಕ್ಷೆಗೆ ಮೊದಲು ಮಾಸ್ತರರು ತಮ್ಮ ಬೆಲ್ಟ್ ಬಿಚ್ಚಿ, ಮಡಚಿ, ತಮ್ಮ ಗುರುವಿನ ಫೋಟೋದ ಮುಂದಿನ ಸಣ್ಣ ಮೇಜಿನ ಮೇಲಿಟ್ಟು ಕೈಮುಗಿದರು. ಆಮೇಲೆ ಪರೀಕ್ಷೆ ಕೊಡುವವರನ್ನು ಸಾಲು ಮಾಡಲು ಅಂಗಳಕ್ಕೆ ಹೋದರು. ಮೇಜು ನನ್ನ ಬೆಂಚಿನ ಪಕ್ಕದಲ್ಲೇ ಇತ್ತು. ಕ್ಲಾಸಿನ ಹಾಲ್‌ನಲ್ಲಿ ನಾನೊಬ್ಬನೇ. ನಾನು, ಹತ್ತಿ.

ಹತ್ತಿ ಕಂಡರೆ ನಮ್ಮ ಕೈ ನಮ್ಮ ಮಾತು ಕೇಳುವುದಿಲ್ಲ. ಒಂದು ಚಿಟಿಕೆ ಕಿತ್ತು, ಎರಡೂ ಹೆಬ್ಬೆರಳ ನಡುವೆ ಹಿಡಿದು ಎಳೆದು, ಎಳೆಯ ಉದ್ದ ನೋಡಿದೆ. ಗಿಡ್ಡ ಎಳೆ. ನಮ್ಮ ಯಾರ್ಡಿನಲ್ಲಿ ಇದನ್ನು ದಿಂಬಿಗೆ ಹಾಕುತ್ತಾರೆ. ಬೇರೆ ಕಡೆಯದೂ ಹೀಗೇ ಇದೆಯೋ ಎಂದು ಇನ್ನೊಂದು ತುದಿಯಿಂದ ಕಿತ್ತೆ. ಮಾದರಿಯೆಂದ ಮೇಲೆ ಮೂರು ಕಡೆ ನೋಡುವುದು ವ್ಯಾಪಾರದ ಧರ್ಮ, ನಡುವಿನಿಂದಲೂ ಕಿತ್ತೆ. ಆಗ ಹೊಲಿಗೆಯ ದಾರ ಗೇಣುದ್ದ ಸರ್ರನೆ ಬಿಟ್ಟುಕೊಂಡಿತು.

ಕಿತ್ತ ಹತ್ತಿಯನ್ನೇನು ಮಾಡುವುದು? ಕಾರ್ತೀಕಕ್ಕೆ ಈಶ್ವರನ ಗುಡಿಗೆ ಬತ್ತಿ ಕೊಡುವುದು ನಮ್ಮ ಮನೆಯ ಹರಕೆ. ಯಾರ್ಡಿನಲ್ಲಿ ಕೆಲಸವಿಲ್ಲದಾಗ ಗಂಡಸರೇ ಹೊಸೆಯುತ್ತೇವೆ. ಕೈ ತನ್ನ ಪಾಡಿಗೆ ತಾನು ತೊಡೆಯ ಮೇಲೆ ಹೊಸೆಯತೊಡಗಿತು. ಮಾಸ್ತರರು ಎಲ್ಲರನ್ನೂ ಕರೆದುಕೊಂಡು ಒಳಗೆ ಬಂದಾಗ ಅವರ ಗುರುವಿನ ಫೋಟೋದ ಮುಂದೆ ಐದು ಬತ್ತಿಗಳು ಸಾಲಾಗಿ ಮಲಗಿದ್ದವು. ಎಣ್ಣೆಯೊಂದೇ ಬಾಕಿ.

ಮಾಸ್ತರರು ಬೆಲ್ಟನ್ನು ಎತ್ತಿದರು. ಅರ್ಧ ಬೆಲ್ಟು ಎದ್ದಿತು, ಉಳಿದರ್ಧ ಜೋತು ಬಿತ್ತು. ಜೋತ ತುದಿಯನ್ನು ಅವರು ಇನ್ನೊಂದು ಅಂಗೈಯಲ್ಲಿ ಮೆಲ್ಲಗೆ ಎತ್ತಿ ಹಿಡಿದರು. ನನಗೆ ಆಗ ನಿಜವಾಗಿಯೂ ನಾಚಿಕೆಯಾಯಿತು.

"ಇವ್ರು ನಮ್ಮನಿಯವ್ರು," ಎಂದು ಗಿರಿಜಾ ತಲೆತಗ್ಗಿಸಿ ಇಂಗ್ಲಿಷಿನಲ್ಲಿ ಹೇಳಿದಳು. ಅಷ್ಟು ಬೇಸರದಿಂದ ಆಕೆ ಆ ಮಾತನ್ನು ಹಿಂದೆಂದೂ ಹೇಳಿರಲಿಲ್ಲ.

ಮಾಸ್ತರರು ಇಂಗ್ಲಿಷಿನಲ್ಲೇ ಮೆಲ್ಲಗೆ ತೀರ್ಪು ಕೊಟ್ಟರು. ಅತಿಥಿಯ ತಪ್ಪಿಗೆ ಕರೆತಂದ ಶಿಷ್ಯೆಯೇ ಹೊಣೆ, ಅದು ಇಲ್ಲಿಯ ನಿಯಮ. ಆದರೂ ಒಂದು ದಾರಿಯುಂಟು. ಪರೀಕ್ಷೆ ಮುಗಿಯುವವರೆಗೆ ಈ ಮನುಷ್ಯ ಗುರುವಿನ ಫೋಟೋದ ಮುಂದೆ ಮಂಡಿ ಮಡಚಿ, ಹಿಮ್ಮಡಿಯ ಮೇಲೆ ಕೂತಿರಬೇಕು. ನಡುವೆ ಎದ್ದರೆ ಶಿಷ್ಯೆಯ ಪರೀಕ್ಷೆ ರದ್ದು.

ಕೂರುವುದು! ಇದೂ ಒಂದು ಶಿಕ್ಷೆಯೇ?

"ಮೂರು ತಾಸು ಪೂಜಿಗೆ ಕುಂತ ಕಾಲು ಇವು, ಚಿಂತಿ ಮಾಡಬ್ಯಾಡ," ಎಂದೆ.

"ಅಲ್ಲಿ ಚಕ್ಕಳಮಕ್ಕಳ ಹಾಕ್ಕೊಂಡು ಕುಂದ್ರತೀರಿ. ಇದು ಬ್ಯಾರೆ ಐತಿ," ಎಂದಳು ಗಿರಿಜಾ. "ನಿಮಗ ಕೈ ಮುಗೀತೀನ್ರಿ, ಏಳಬ್ಯಾಡ್ರಿ."

ಐದು ನಿಮಿಷಕ್ಕೆ ಕಾಲು ಜೋಮು ಹಿಡಿಯಿತು. ಹತ್ತು ನಿಮಿಷಕ್ಕೆ ಕಾಲು ಎಲ್ಲಿದೆ ಎಂಬುದೇ ಮರೆಯಿತು. ಕ್ಲಾಸಿನ ಏಳು ವರ್ಷದ ಮಕ್ಕಳು ಪಕ್ಕದಲ್ಲಿ ಹಾಗೇ ಕೂತು ನನ್ನನ್ನು ನೋಡಿ ನಗುತ್ತಿದ್ದರು. ನನ್ನ ಕಣ್ಣಿನಲ್ಲಿ ನೀರು. ಕೊನೆಗೆ ಗಿರಿಜಾಳ ಸರದಿ ಬಂತು. ಮೊದಲ ಗುದ್ದು, ಎರಡನೆಯ ಗುದ್ದು. ಆರು ತಿಂಗಳು ಬೆಂಚಿನ ಮೇಲೆ ನಕ್ಕ ನಾನು ನೆಲದ ಮೇಲಿಂದ ನೋಡಿದೆ. ಆಕೆಯ ಕಾಲು ನೆಲದಲ್ಲಿ ಬೇರು ಬಿಟ್ಟಿತ್ತು. ನನ್ನ ಕಾಲು ಕೈಕೊಟ್ಟಿತು. ಹೊರೆ ಜಾರಿದಂತೆ ಬದಿಗೆ ಉರುಳಿ ಬಿದ್ದೆ.

ಗಿರಿಜಾ ಮುಷ್ಟಿ ಚಾಚಿದಲ್ಲೇ ನಿಂತಳು. "ಪೋಲೆ, ಪೋಲೆ" ಎಂದರು ಎಲ್ಲರೂ. ಅಲ್ಲಿ ಯಾರಿಗೆ ನೋವಾದರೂ ಹೇಳುವ ಸಮಾಧಾನದ ಮಾತು ಅದು. ಮಾಸ್ತರರು ಹತ್ತಿರ ಬಂದು ಬಗ್ಗಿ ನೋಡಿದರು. ನಾನು ಏಳಲು ಹೆಣಗಾಡಿದೆ. ಆಗಲಿಲ್ಲ.

"ಎದ್ದಿಲ್ಲ," ಎಂದು ಅವರು ಘೋಷಿಸಿದರು. "ಬಿದ್ದಿದ್ದಾನೆ. ಪರೀಕ್ಷೆ ನಡೆಯಲಿ."

ಗಿರಿಜಾ ಪಾಸಾದಳು. ನನ್ನನ್ನು ಹೆಗಲಿಗೆ ಹಾಕಿಕೊಂಡು ಆಟೋದವರೆಗೆ ತಂದವಳೂ ಆಕೆಯೇ.

ಮನೆಗೆ ಬರುವಷ್ಟರಲ್ಲಿ ಹಾಲಹರವಿಯಿಂದ ಅತ್ತೆಯವರ ವಿಡಿಯೋ ಕಾಲ್. ಗಿರಿಜಾ ಹಳದಿ ಬೆಲ್ಟನ್ನು ಎತ್ತಿ ತೋರಿಸಿದಳು. ಹಿಂದೆ ಮಂಚದ ಮೇಲೆ, ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ನಾನು ಅಂಗಾತ ಮಲಗಿದ್ದೆ.

"ಅಳಿಯಂದ್ರು ಯಾಕ ಮಲಗ್ಯಾರ? ಅವ್ರೂ ಪರೀಕ್ಷಿ ಕೊಟ್ಟಾರೇನು?"

"ಹೂಂ ಯವ್ವಾ. ಕುಂದ್ರೋದ್ರಾಗ ಫೇಲಾದ್ರು."

ಅತ್ತೆಯವರು ಮುಖವನ್ನು ಫೋನಿನ ಹತ್ತಿರ ತಂದು ನನ್ನನ್ನು ನೋಡಿದರು.

"ಅಯ್ಯ," ಎಂದರು, "ಅವ್ರಿಗೆ ಬರ್ತಿದ್ದದ್ದು ಅದೊಂದ ಅಲ್ಲೇನ?"